ಕೊನೆಯ ಪಂಕ್ತಿಯ ಲೆಕ್ಕ

ಚರ್ಚಿಗೆ ಕನ್ನಡದ ಪ್ರೊಟೆಸ್ಟಂಟ್ ಕ್ರೈಸ್ತರು ಬಳಸುವ ಮಾತು ‘ಸಭೆ’. ಗ್ರೀಕಿನ ‘ಎಕ್ಲೇಸಿಯ’ ಎಂಬುದಕ್ಕೆ ಕನ್ನಡ ಬೈಬಲಿನಲ್ಲಿ ನಿಂತ ಮಾತು ಅದು. ಮೂಲದಲ್ಲಿ ಊರಿನ ನಾಗರಿಕರು ಕೂಡಿ ತೀರ್ಮಾನ ಮಾಡುವ ಕೂಟಕ್ಕೆ ಆ ಹೆಸರಿತ್ತು. ಗೋಡೆ, ಗೋಪುರ, ಗಂಟೆ ಯಾವುದೂ ಅದರ ಅರ್ಥದೊಳಗಿಲ್ಲ. ಆದರೂ ‘ನಾನು ಇಂಥ ಸಭೆಯವನು’ ಎನ್ನುವಾಗ ಬಹುಮಂದಿಯ ಮನಸ್ಸಿಗೆ ಬರುವುದು ರಿಜಿಸ್ಟರಿನಲ್ಲಿರುವ ಹೆಸರು, ವರ್ಷದ ವಂತಿಗೆಯ ರಸೀದಿ, ಮಗುವಿಗೆ ಮಿಷನ್ ಶಾಲೆಯ ಸೀಟು, ಮದುವೆಗೊಂದು ಪತ್ರ, ಕೊನೆಗೆ ಸ್ಮಶಾನದಲ್ಲಿ ಆರಡಿ ಜಾಗ. ಸದಸ್ಯನಾಗುವುದೆಂದರೆ ಪಡೆಯಲು ಅರ್ಹನಾಗುವುದು ಎಂಬ ಈ ತಿಳಿವಳಿಕೆ ಎಷ್ಟು ಸಹಜವಾಗಿಬಿಟ್ಟಿದೆಯೆಂದರೆ, ಅದು ಸಭೆಯ ಉದ್ದೇಶವನ್ನೇ ತಲೆಕೆಳಗು ಮಾಡಿರುವುದು ಯಾರ ಕಣ್ಣಿಗೂ ಬೀಳುತ್ತಿಲ್ಲ.

ಸಭೆಯ ಆರಂಭದ ದಿನಗಳಲ್ಲೇ ಎದ್ದ ಮೊದಲ ಒಳಜಗಳ ತತ್ತ್ವದ್ದಲ್ಲ, ಊಟದ್ದು. ಅಪೊಸ್ತಲರ ಕೃತ್ಯಗಳು ಪುಸ್ತಕದ 6ನೇ ಅಧ್ಯಾಯ ಅದನ್ನು ಮುಚ್ಚಿಡದೆ ಹೇಳುತ್ತದೆ. ಯೆರೂಸಲೇಮಿನಲ್ಲಿ ದಿನನಿತ್ಯದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗ್ರೀಕ್ ಮಾತಾಡುವ ಯೆಹೂದ್ಯರು ಗೊಣಗಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಪಂಕ್ತಿಭೇದ. ಅಪೊಸ್ತಲರು ದೂರಿದವರ ಬಾಯಿ ಮುಚ್ಚಿಸಲಿಲ್ಲ, ‘ನಾವು ನೋಡಿಕೊಳ್ಳುತ್ತೇವೆ’ ಎಂದು ಸಮಾಧಾನ ಹೇಳಿ ಕಳಿಸಲೂ ಇಲ್ಲ. ಇಡೀ ಸಭೆಯನ್ನು ಕರೆದು, ಏಳು ಜನರನ್ನು ನೀವೇ ಆರಿಸಿ ಎಂದರು. ಆರಿಸಿದವರ ಹೆಸರು ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಬಡಿಸುವವರು ನಮ್ಮವರಾದರೆ ಕೊನೆಯ ಪಂಕ್ತಿಯಲ್ಲಿ ಕೂತರೂ ಚಿಂತೆಯಿಲ್ಲ ಎಂದು ನಮ್ಮ ಗಾದೆ ನಗುತ್ತಾ ಹೇಳುತ್ತದೆ. ಯೆರೂಸಲೇಮಿನ ಸಭೆ ಆ ಗಾದೆಯನ್ನು ನ್ಯಾಯದ ಕಡೆಗೆ ತಿರುಗಿಸಿ, ಕೊನೆಯ ಪಂಕ್ತಿಯವರ ಕೈಗೇ ಸೌಟು ಕೊಟ್ಟಿತು. ಸದಸ್ಯನ ಹೊಣೆ ಏನು ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಕಾಣದು: ದೂರಬೇಕು, ದೂರು ಕೇಳಬೇಕು, ಆರಿಸಬೇಕು, ಆಮೇಲೆ ಬಡಿಸಬೇಕು.

ಸಭೆಯಿರುವುದು ಆರಾಧನೆಗೆ ಮತ್ತು ರಕ್ಷಣೆಯ ಸುವಾರ್ತೆಗೆ, ಅನ್ನದ ಲೆಕ್ಕ ಹಿಡಿದು ಕೂತರೆ ಅದು ಸಮಾಜಸೇವಾ ಸಂಘವಾದೀತು ಎಂಬ ಆಕ್ಷೇಪ ಹಳೆಯದು, ಗಟ್ಟಿಯಾದದ್ದೂ ಹೌದು. ಅದೇ ಅಧ್ಯಾಯದಲ್ಲಿ ಅಪೊಸ್ತಲರೂ ತಮ್ಮ ಕೆಲಸ ಪ್ರಾರ್ಥನೆ ಮತ್ತು ವಾಕ್ಯೋಪದೇಶ ಎಂದು ಸ್ಪಷ್ಟವಾಗಿ ಬೇರ್ಪಡಿಸಿದ್ದಾರೆ. ಆದರೆ ಬೇರ್ಪಟ್ಟದ್ದು ಕೆಲಸ ಮಾಡುವ ಕೈಗಳು ಮಾತ್ರ. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಉಂಡು ಕುಡಿದು, ತಡವಾಗಿ ಬಂದ ಬಡವರು ಹಸಿದು ಕೂರುತ್ತಿದ್ದರು. ಆ ಸಭೆಗೆ ಬರೆದ ಪತ್ರದಲ್ಲಿ ಅಪೊಸ್ತಲ ಪೌಲ ಅದನ್ನು ಶಿಷ್ಟಾಚಾರದ ಲೋಪವೆಂದು ಕೈಬಿಡಲಿಲ್ಲ. ನೀವು ಉಣ್ಣುತ್ತಿರುವುದು ಕರ್ತನ ಭೋಜನವೇ ಅಲ್ಲ ಎಂದ. ಅಂದರೆ ಪಂಕ್ತಿ ಕೆಟ್ಟಲ್ಲಿ ಆರಾಧನೆಯೂ ಕೆಟ್ಟಿತು. ಸಮಾಜಸೇವೆಯನ್ನು ಸಭೆಗೆ ಹೊರಗಿನಿಂದ ತಂದು ಅಂಟಿಸುತ್ತಿದ್ದೇವೆ ಎನ್ನುವವರು ಈ ಪತ್ರವನ್ನು ಇನ್ನೊಮ್ಮೆ ಓದಬೇಕು.

ಕರ್ನಾಟಕದ ಉದಾಹರಣೆ ಇನ್ನೂ ತೊಡಕಿನದು. 1834ರಲ್ಲಿ ಬಾಸೆಲ್ ಮಿಷನಿನ ಮೂವರು ಮಂಗಳೂರಿಗೆ ಬಂದಿಳಿದರು. ಜಾತಿ ಬಿಟ್ಟೇ ಸಭೆಗೆ ಬರಬೇಕೆಂಬುದು ಅವರ ಬಿಗಿ ನಿಲುವು. ಹಾಗೆ ಬಂದವರು ಮನೆತನದ ಆಸರೆಯನ್ನೂ ಗೇಣಿಯ ನೆಲವನ್ನೂ ಕಳೆದುಕೊಂಡರು. ಬಿಲ್ಲವರಿಗಂತೂ ಕಳ್ಳು ಇಳಿಸುವ ಕಸುಬೇ ನಿಂತುಹೋಯಿತು. ಕಸುಬು ಬಿಡಿಸಿದವರು ಬೇರೆ ಕಸುಬು ಕೊಡದೆ ಇರುವುದು ಹೇಗೆ? ಬೇಸಾಯ, ಮುದ್ರಣ, ನೇಯ್ಗೆ, ಕೊನೆಗೆ 1865ರಲ್ಲಿ ಮಿಷನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಹೆಂಚಿನ ಕಾರ್ಖಾನೆ, ಎಲ್ಲ ಈ ಇಕ್ಕಟ್ಟಿನಿಂದ ಬೆಳೆದವು. ಇದನ್ನು ಆಮಿಷವೆಂದು ತಳ್ಳಿಹಾಕುವುದು ಅನ್ಯಾಯ, ಬರೀ ಕರುಣೆಯೆಂದು ಹೊಗಳುವುದು ಅರೆಸತ್ಯ. ಕೆಲಸ ಕೊಡುವ ಧಣಿ, ಶಿಸ್ತು ನೋಡುವ ಪಾದ್ರಿ, ಮಕ್ಕಳ ಶಾಲೆ ಎಲ್ಲವೂ ಒಂದೇ ಮಿಷನಿನವು ಆದಾಗ, ಸದಸ್ಯ ತನಗೆ ಗೊತ್ತಿಲ್ಲದೆಯೇ ಒಕ್ಕಲಾದ. ಬಡಿಸುವವರು ಒಂದು ಕಡೆ, ಎಲೆಯ ಮುಂದೆ ಕೂತವರು ಇನ್ನೊಂದು ಕಡೆ. ಈ ರೂಢಿಯೇ ಇಂದಿಗೂ ನಮ್ಮ ಬೆನ್ನು ಹತ್ತಿದೆ ಎಂದು ನನ್ನ ಅನುಮಾನ. ವ್ಯತ್ಯಾಸವೆಂದರೆ ಈಗ ಸೌಟು ಹಿಡಿಯಲು ಪೈಪೋಟಿ ನಡೆಯುತ್ತದೆ, ಸಭೆಯ ಚುನಾವಣೆಗೆ ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ.

ಹಾಗಾದರೆ ಅಲ್ಪಸಂಖ್ಯಾತರು ಇಂಥ ಸಂಸ್ಥೆಗಳನ್ನು ಬಿಟ್ಟರೆ ಉಳಿಯುವುದು ಹೇಗೆ ಎಂಬ ಅಳುಕಿಗೆ ಇದೇ ಇತಿಹಾಸ ಉತ್ತರ ಕೊಡುತ್ತದೆ. 1914ರ ಯುದ್ಧ ಬಂತು. ಬಾಸೆಲ್ ಮಿಷನಿನ ಜರ್ಮನ್ ಮಿಷನರಿಗಳನ್ನು ಸೆರೆಯಲ್ಲಿಟ್ಟು ಆಮೇಲೆ ಊರಿಗೆ ಕಳಿಸಿದರು. ಹೆಂಚು, ನೇಯ್ಗೆಯ ಕಾರ್ಖಾನೆಗಳು ಸರ್ಕಾರದ ವಶವಾಗಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಕೊಡುವ ಕೈ ಹೋಯಿತು, ಆಸ್ತಿಯ ದೊಡ್ಡ ಭಾಗವೂ ಹೋಯಿತು. ಸಭೆಗಳು ಹೋಗಲಿಲ್ಲ. ಸಂಸ್ಥೆ ಬೇಡವೆಂದು ನಾನು ಹೇಳುತ್ತಿಲ್ಲ. ಕಾರ್ಖಾನೆಯೇ ಸಭೆಯಾಗಿದ್ದರೆ ಸಭೆ ಅಂದೇ ಮುಗಿಯಬೇಕಿತ್ತು, ಅಷ್ಟೇ.

ಒಕ್ಕಲುತನದ ಆಚೆಗಿನ ಸದಸ್ಯತ್ವ ಹೇಗಿರುತ್ತದೆ ಎಂಬುದಕ್ಕೆ ನಮ್ಮ ಸಭೆಗಳ ಬೆಳೆಹಬ್ಬದ ಹರಾಜನ್ನು ನೋಡಬಹುದು. ಬಲಿಪೀಠದ ಮುಂದೆ ಬಾಳೆಗೊನೆ, ಕುಂಬಳಕಾಯಿ, ತೆಂಗಿನಕಾಯಿ, ಒಂದು ಕೋಳಿ, ಯಾರೋ ಅಜ್ಜಿ ಹಿತ್ತಲಿನಿಂದ ತಂದ ನಾಲ್ಕು ಬದನೆ. ಆರಾಧನೆ ಮುಗಿಯಿತೆಂದರೆ ಅಂಗಳದಲ್ಲಿ ಕೂಗು ಶುರು. ಒಂದೇ ಕುಂಬಳಕಾಯಿಯನ್ನು ಹಿಡಿದವನು ಮತ್ತೆ ಹರಾಜಿಗೇ ಬಿಡುತ್ತಾನೆ, ಅದು ಎರಡನೇ ಸಲ, ಮೂರನೇ ಸಲ ಬಿಕರಿಯಾಗುತ್ತದೆ; ನಗೆ, ಚಪ್ಪಾಳೆ. ಸೊಗಸಾದ ಆಚರಣೆ. ಹಣವಿಲ್ಲದವರೂ ಕೊಡುವವರ ಸಾಲಿನಲ್ಲಿ ನಿಲ್ಲುವುದು ವರ್ಷದಲ್ಲಿ ಬಹುಶಃ ಆ ಒಂದು ದಿನ. ಆದರೆ ಹರಾಜು ಏರಿದಂತೆ ಬದನೆ ತಂದವಳ ಹೆಸರು ಮರೆತು, ಕೂಗಿ ಹಿಡಿದವನ ಹೆಸರು ಮೈಕಿನಲ್ಲಿ ಮೊಳಗುತ್ತದೆ. ದೇವಾಲಯದ ಕಾಣಿಕೆ ಪೆಟ್ಟಿಗೆಯ ಎದುರು ಕೂತ ಯೇಸು ಗಮನಿಸಿದ್ದು ವಿಧವೆಯ ಎರಡು ಕಾಸನ್ನು. ನಮ್ಮ ಮೈಕು ತಿರುಗುವುದು ಇನ್ನೊಂದು ದಿಕ್ಕಿಗೆ.

ದುಡಿದು ದಣಿದ ಜನಕ್ಕೆ ಇಷ್ಟೆಲ್ಲ ಹೊರೆ ಯಾಕೆ, ಸಂಬಳ ಪಡೆಯುವ ಸಭಾಪಾಲಕರು ಇಲ್ಲವೇ ಎನ್ನುವವರಿದ್ದಾರೆ. ದಣಿವು ನಿಜ. ಎಲ್ಲರೂ ಎಲ್ಲವನ್ನೂ ಮಾಡಬೇಕೆಂದು ಯಾರೂ ಕೇಳುತ್ತಿಲ್ಲ. ಯೆರೂಸಲೇಮಿನಲ್ಲೂ ಏಳೇ ಜನ ಸಾಕಾದರು. ಆದರೆ ಯಾರು ಹಸಿದಿದ್ದಾರೆ ಎಂದು ಗಮನಿಸುವ ಕೆಲಸವನ್ನು ಸಂಬಳಕ್ಕೆ ಒಪ್ಪಿಸಲಾಗದು, ಅದು ಪಕ್ಕದ ಬೆಂಚಿನವರಿಗೇ ಮೊದಲು ತಿಳಿಯುವ ಸಂಗತಿ. ಮುಂದಿನ ವಾರ್ಷಿಕ ಸಭೆಯಲ್ಲಿ ಖಜಾಂಚಿಯವರು ಜಮಾಖರ್ಚು ಓದಿ ಮುಗಿಸಿದ ಮೇಲೆ, ದಯವಿಟ್ಟು ಒಬ್ಬರಾದರೂ ಎದ್ದು ನಿಂತು ಕೇಳಿ: ಕಳೆದ ವರ್ಷ ನಮ್ಮ ಬೆಂಚಿನಿಂದ ಯಾರು ಬರುವುದನ್ನು ಬಿಟ್ಟರು, ಅವರ ಮನೆಗೆ ಯಾರು ಹೋಗಿ ಬಂದರು?