‘ಸ್ವಾಯತ್ತ’ ಪೂರೈಕೆದಾರ ಯಾರು? ಒಂದು ಪದದ ವಿಮರ್ಶೆ

ನನಗಿಂತ ಮೊದಲು ಮಾತಾಡಿದವರು ಗಡಿನಾಡಿನ ಕಾವ್ಯ, ಶಾಲೆಗಳ ಬಗ್ಗೆ ಹೇಳಿದರು. ನಾನು ಸಾಹಿತ್ಯದ ವಿದ್ಯಾರ್ಥಿಯಾಗಿಯೇ ಬೇರೆ ಶಾಸ್ತ್ರದ ಒಂದು ಪದವನ್ನು ಓದಲು ಹೊರಟಿದ್ದೇನೆ: ‘ಸ್ವಾಯತ್ತ ಪೂರೈಕೆದಾರ’.

ಪೂರೈಕೆ ಸರಪಳಿಯ ವಿಕೇಂದ್ರೀಕರಣದ ಚರ್ಚೆಗೆ ಡಾಂಟ್ಜಿಗ್ ಮತ್ತು ವುಲ್ಫ್ 1960ರಲ್ಲಿ ಮಂಡಿಸಿದ ವಿಭಜನಾ ತತ್ವ ಒಂದು ಮುಖ್ಯ ಆಧಾರ. ಕೇಂದ್ರ ಒಂದು ಬೆಲೆ ಹೇಳುತ್ತದೆ. ಪ್ರತಿ ಘಟಕ ತನ್ನ ಲೆಕ್ಕ ತಾನೇ ಹಾಕಿ ಉತ್ತರ ಕೊಡುತ್ತದೆ. ಅದನ್ನು ನೋಡಿ ಕೇಂದ್ರ ಬೆಲೆ ತಿದ್ದುತ್ತದೆ. ಹೀಗೆ ಹಲವು ಸುತ್ತು ಕಳೆದು ಒಟ್ಟಾರೆ ಉತ್ತಮವಾದ ಯೋಜನೆ ಸಿಗುತ್ತದೆ. ಯಾರೂ ತಮ್ಮ ಒಳಲೆಕ್ಕವನ್ನು ಪೂರ್ತಿ ಬಿಚ್ಚಿಡಬೇಕಿಲ್ಲ. ಚೆಂದದ ಕಲ್ಪನೆ, ಒಪ್ಪೋಣ.

ನನ್ನ ತಕರಾರು ಇಷ್ಟೇ. ಆ ಸುತ್ತುಗಳಲ್ಲಿ ಮಾಲು ಕೈ ಬದಲಾಗುವುದಿಲ್ಲ. ಎಲ್ಲ ಕಾಗದದ ಮೇಲೆ. ನಮ್ಮ ಕಾಸರಗೋಡಿನ ಅಡಿಕೆ ಕೃಷಿಕರಿಗೆ ಅಂಥ ಅನುಕೂಲ ಇಲ್ಲ. ಸುಮಾರು 40 ದಿನ ಅಂಗಳದ ಬಿಸಿಲಲ್ಲಿ ಒಣಗಿಸಿ, ಸುಲಿದು, ಚಾಲಿ ಮಾಡಿ, ಒಮ್ಮೆ ಕೊಟ್ಟರೆ ಮುಗೀತು. ಮರುವಾರ ಬೆಲೆ ಏರಿದರೆ ತಿದ್ದುಪಡಿ ಇಲ್ಲ. ಬೋರ್ಡೋ ದ್ರಾವಣದ ಖರ್ಚೂ ನನ್ನ ಹಾಸ್ಟೆಲ್ ಫೀಸೂ ಒಟ್ಟಿಗೆ ಬಂದ ವರ್ಷ ಅಪ್ಪ ಹೊಸ ಅಡಿಕೆಯನ್ನೇ ಕೊಟ್ಟುಬಿಟ್ಟರು. ಪಕ್ಕದ ಮನೆಯವರು ದಾಸ್ತಾನಿಟ್ಟು, ಹಳತು ಮಾಡಿ, ಹೆಚ್ಚಿನ ಬೆಲೆಗೆ ಕೊಟ್ಟರು. ಮಾದರಿಯ ಕಣ್ಣಿಗೆ ಇಬ್ಬರೂ ಸ್ವಾಯತ್ತರೇ. ಇಬ್ಬರನ್ನೂ ಯಾರೂ ಒತ್ತಾಯಿಸಿರಲಿಲ್ಲ.

‘ಸ್ವಾಯತ್ತ’ವನ್ನು ಬಿಡಿಸಿದರೆ ಸ್ವ, ಆಯತ್ತ, ಅಂದರೆ ತನ್ನ ಅಧೀನದಲ್ಲಿರುವುದು. ಅಪ್ಪನ ನಿರ್ಧಾರ ಅವರ ಅಧೀನದಲ್ಲೇ ಇತ್ತು, ಸಮಯ ಇರಲಿಲ್ಲ. ಕಾಯುವ ಶಕ್ತಿ ಇಲ್ಲದವರನ್ನು ಈ ಪದದಿಂದ ಕರೆದರೆ, ಅವರ ಅನಿವಾರ್ಯತೆಯೇ ಆಯ್ಕೆಯಂತೆ ಕಾಣುತ್ತದೆ.

ಹಾಗಂತ ಕೇಂದ್ರವೇ ಬೇಡ ಅನ್ನುವುದು ನನ್ನ ವಾದವಲ್ಲ. ಬೆಲೆ ಕುಸಿತದ ದಿನಗಳ ಬೆನ್ನಿಗೆ, 1973ರಲ್ಲಿ, ಕರ್ನಾಟಕ ಮತ್ತು ಕೇರಳದ ಬೆಳೆಗಾರರನ್ನು ಒಟ್ಟುಸೇರಿಸಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಹುಟ್ಟಿತು. ರಾಜ್ಯದ ಗಡಿ ಅದಕ್ಕೆ ಅಡ್ಡ ಬರಲಿಲ್ಲ. ಕೊಳ್ಳುವವರ ಸಾಲಿನಲ್ಲಿ ತಮ್ಮದೇ ಸಹಕಾರಿ ಸಂಸ್ಥೆಯೂ ನಿಂತದ್ದರಿಂದ ಬೆಳೆಗಾರರ ಮಾತಿಗೆ ತೂಕ ಬಂತು. ಇಲ್ಲಿ ಸ್ವಾಯತ್ತತೆ ಒಂಟಿತನದಿಂದ ಬಂದದ್ದಲ್ಲ, ಕೂಡಿಕೊಂಡದ್ದರಿಂದ ಬಂದದ್ದು. ಆದರೂ ಫೀಸಿನ ಗಡುವನ್ನು ಸಹಕಾರಿ ಸಂಸ್ಥೆಯೂ ಮುಂದೂಡಲಾರದು.

ಹಾಗಾಗಿ ಮಾದರಿ ಕಟ್ಟುವವರಲ್ಲಿ ನನ್ನ ಕೋರಿಕೆ: ಪೂರೈಕೆದಾರರ ಉತ್ಪಾದನಾ ವೆಚ್ಚದ ಜೊತೆ, ಅವರು ಎಷ್ಟು ದಿನ ಕಾಯಬಲ್ಲರು ಎಂಬುದನ್ನೂ ಲೆಕ್ಕಕ್ಕೆ ಸೇರಿಸಿ. ಇಷ್ಟು ಹೇಳಿ ನಿಲ್ಲಿಸ್ತೇನೆ. ನಿಮ್ಮ ಪ್ರಶ್ನೆಗಳಿಗೆ ಕಾಯ್ತಿದ್ದೇನೆ.