ಮಾತು ಬದಲಾಗಲಿ, ನಂಬರು ನಿಲ್ಲಲಿ

ಹೊಸ ಕಂಪೈಲರ್ ಕೈಗೆ ಬಂದರೆ ನಾನು ಮೊದಲು ನೋಡುವುದು ಒಂದೇ: ಹಿಡಿದ ತಪ್ಪಿಗೆ ಅದು ನಂಬರು ಕೊಡುತ್ತದೆಯೇ? ರಸ್ಟ್ ಕೊಡುತ್ತದೆ. ಇ0382 ಎಂದರೆ, ಆಗಲೇ ಬೇರೆ ಕಡೆಗೆ ಒಪ್ಪಿಸಿಬಿಟ್ಟ ಮೌಲ್ಯವನ್ನು ಮತ್ತೆ ಬಳಸಿದ್ದೀರಿ ಎಂದರ್ಥ. ಟೈಪ್‌ಸ್ಕ್ರಿಪ್ಟ್ ಕೂಡ ಕೊಡುತ್ತದೆ. ಟಿಎಸ್2322 ಎಂದರೆ, ಒಂದು ಬಗೆಯ ಡೇಟಾ ಇರಬೇಕಾದಲ್ಲಿ ಇನ್ನೊಂದನ್ನು ಇಟ್ಟಿದ್ದೀರಿ.

ಇಂಥ ನಂಬರಿನ ಬೆಲೆ ಹಂಪಿ ಸುತ್ತಿದವರಿಗೆ ಬೇಗ ತಿಳಿಯುತ್ತದೆ. ಒಬ್ಬರ ಕಮಲ ಮಹಲ್ ಇನ್ನೊಬ್ಬರಿಗೆ ಚಿತ್ರಾಂಗಿಣಿ ಮಹಲ್. ಹೆಸರೇ ಉಳಿಯದ ಗುಡಿ, ಮಂಟಪಗಳಂತೂ ಹೆಜ್ಜೆಗೊಂದು. 1980ರಲ್ಲಿ ವಿಜಯನಗರದ ಸರ್ವೆಗೆ ತೊಡಗಿದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಷೆಲ್ ಅವರ ತಂಡ ನಕ್ಷೆಯನ್ನು ಚೌಕಗಳಾಗಿ ಹಂಚಿ ಅಕ್ಷರ ಕೊಟ್ಟಿತು. ಚೌಕದೊಳಗಿನ ಕಟ್ಟಡಗಳಿಗೆ ಸಂಖ್ಯೆ ಕೊಟ್ಟಿತು. ಒಂದು ಕಟ್ಟಡ ಅರಮನೆಯೋ ಸಭಾಮಂಟಪವೋ ಎಂಬ ವಾದ ನಡೆಯುತ್ತಲೇ ಇರಲಿ, ವಾದ ಯಾವ ಕಟ್ಟಡದ ಮೇಲೆ ಎಂಬುದರಲ್ಲಿ ಗೊಂದಲವಿಲ್ಲ.

ಕಂಪೈಲರಿನ ಮಾತೂ ಹಾಗೆಯೇ ಬದಲಾಗುತ್ತದೆ. ಹೊಸ ಆವೃತ್ತಿ ಬಂದಾಗ ವಾಕ್ಯ ತಿದ್ದುತ್ತಾರೆ. ನಮ್ಮದೇ ವೇರಿಯಬಲ್ ಹೆಸರು ಅದರೊಳಗೆ ಸೇರಿಕೊಳ್ಳುತ್ತದೆ. ಆ ವಾಕ್ಯವನ್ನು ಹಿಡಿದು ಹುಡುಕಿದರೆ ಉತ್ತರ ಸಿಗುವುದು ಕಷ್ಟ, ನಂಬರು ಹಿಡಿದು ಹುಡುಕಿದರೆ ಸುಲಭ. ಟೈಪ್‌ಸ್ಕ್ರಿಪ್ಟ್ ಹಲವು ಭಾಷೆಗಳಲ್ಲಿ ತಪ್ಪು ಹೇಳುತ್ತದೆ, ನಂಬರು ಮಾತ್ರ ಎಲ್ಲದರಲ್ಲೂ ಒಂದೇ. ರಸ್ಟ್‌ಗೆ ನಂಬರು ಕೊಟ್ಟು ಕೇಳಿದರೆ ತಪ್ಪಾದ ಕೋಡನ್ನೂ ತಿದ್ದಿದ ಕೋಡನ್ನೂ ಮುಂದಿಟ್ಟು ವಿವರಿಸುತ್ತದೆ.

ನಂಬರು ಕೊಡುವುದಕ್ಕೂ ಶಿಸ್ತು ಬೇಕು. ಕಾರಣ ಬೇರೆಯಾದರೆ ನಂಬರೂ ಬೇರೆಯಾಗಬೇಕು. ಹತ್ತು ಬಗೆಯ ತಪ್ಪಿಗೆ ಒಂದೇ ನಂಬರು ಅಂಟಿಸಿದರೆ ಕೊಟ್ಟೂ ಉಪಯೋಗವಿಲ್ಲ. ಬಳಕೆ ತಪ್ಪಿದ ನಂಬರನ್ನು ಇನ್ನೊಂದಕ್ಕೆ ಕೊಡಬಾರದು. ಕೊಟ್ಟರೆ ಹಳೆಯ ಪುಸ್ತಕ, ಹಳೆಯ ಉತ್ತರಗಳೆಲ್ಲ ದಾರಿ ತಪ್ಪಿಸುತ್ತವೆ. ರಸ್ಟ್ ಅಂಥ ನಂಬರುಗಳ ಪುಟವನ್ನು ಅಳಿಸದೆ, ಕಂಪೈಲರ್ ಈಗ ಇದನ್ನು ತೋರಿಸುವುದಿಲ್ಲ ಎಂದು ಬರೆದು ಉಳಿಸಿಕೊಂಡಿದೆ. ಈ ಪ್ರಾಮಾಣಿಕತೆ ನನಗೆ ಬಹಳ ಇಷ್ಟ.

ಸಿ ಕಲಿಯುವ ಮಕ್ಕಳು ಹೆಚ್ಚಾಗಿ ಬಳಸುವ ಜಿಸಿಸಿ ಕಂಪೈಲರಿನಲ್ಲಿ ತಪ್ಪುಗಳಿಗೆ ನಂಬರಿಲ್ಲ. ಸಂಡೂರು, ಕಂಪ್ಲಿಯ ಕನ್ನಡ ಮಾಧ್ಯಮ ಶಾಲೆಗಳಿಂದ ಬಂದ ಹುಡುಗ ಹುಡುಗಿಯರು ಮೊದಲ ವರ್ಷ ಲ್ಯಾಬಿನಲ್ಲಿ ತಡವರಿಸುವುದು ಅದು ತೋರಿಸುವ ಇಂಗ್ಲಿಷ್ ವಾಕ್ಯಗಳ ಮುಂದೆಯೇ. ಹೊಸಪೇಟೆಯ ಲ್ಯಾಬ್ ಮೇಷ್ಟ್ರುಗಳು ಪದೇ ಪದೇ ಬರುವ ತಪ್ಪುಗಳನ್ನು ಪಟ್ಟಿ ಮಾಡಿ, ಒಂದೊಂದಕ್ಕೂ ನಂಬರು ಕೊಟ್ಟು, ಎದುರಿಗೆ ಕನ್ನಡದಲ್ಲಿ ಕಾರಣವನ್ನೂ ಪರಿಹಾರವನ್ನೂ ಬರೆದು ಗೋಡೆಗೆ ಹಚ್ಚಲಿ. ಮುಂದಿನ ವರ್ಷ ವಿವರಣೆಯನ್ನು ಎಷ್ಟು ಬೇಕಾದರೂ ತಿದ್ದಲಿ, ನಂಬರನ್ನು ಮಾತ್ರ ಮುಟ್ಟದಿರಲಿ.