‘ದಿ ಲಾಸ್ಟ್ ಬಾಯ್ಸ್’ ಚಿತ್ರದ ಸ್ಯಾಕ್ಸೊಫೋನ್ ವಾದಕ: ಒಂದು ಔಚಿತ್ಯವಿಚಾರ

ಜೋಯೆಲ್ ಶೂಮಾಕರನು ನಿರ್ದೇಶಿಸಿದ ‘ದಿ ಲಾಸ್ಟ್ ಬಾಯ್ಸ್’ (1987) ಎಂಬ ಅಮೆರಿಕದ ಚಲಚ್ಚಿತ್ರವು ವ್ಯಾಂಪೈರ್ ಎಂಬ ರಕ್ತಪಾಯಿ ಪಿಶಾಚಗಳ ಕಥೆಯನ್ನುಳ್ಳದ್ದು. ಕಥೆಯ ವಿವರಗಳನ್ನು ಮರೆತವರೂ ಅದರ ಒಂದು ಸನ್ನಿವೇಶವನ್ನು ಮರೆತಿಲ್ಲ. ಕಡಲತೀರದ ರಾತ್ರಿಯ ಕಚೇರಿಯಲ್ಲಿ ಟಿಮ್ ಕ್ಯಾಪೆಲ್ಲೊ ಎಂಬ ವಾದಕನು ಹಾಡುತ್ತ ಸ್ಯಾಕ್ಸೊಫೋನ್ ನುಡಿಸುವ ಸನ್ನಿವೇಶವದು. ಸುತ್ತಲೂ ಉರಿಯುವ ಬೆಂಕಿ, ಎಣ್ಣೆ ಸವರಿದ ಬರಿಮೈ, ಕೊರಳಲ್ಲಿ ಸರಪಣಿ, ಸೊಂಟದ ಕುಣಿತ—ಇವು ಬಹುಕಾಲದಿಂದ ಪರಿಹಾಸಕ್ಕೆ ವಸ್ತುವಾಗಿವೆ. 2010ರಲ್ಲಿ ‘ಸ್ಯಾಟರ್ಡೇ ನೈಟ್ ಲೈವ್’ ಎಂಬ ವಿನೋದಕಾರ್ಯಕ್ರಮದಲ್ಲಿ ಜಾನ್ ಹ್ಯಾಮ್ ಎಂಬ ನಟನು ಇಂಥದೇ ವೇಷವನ್ನು ತೊಟ್ಟು ಅಣಕವಾಡಿದನು. ಈ ಪರಿಹಾಸವು ನ್ಯಾಯವೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಆಕ್ಷೇಪಗಳು ಎರಡು. ವಾದಕನು ಕಥೆಯ ಪಾತ್ರವಲ್ಲ. ಒಮ್ಮೆ ಕಾಣಿಸಿಕೊಂಡು ಮರೆಯಾಗುತ್ತಾನೆ. ಆದ್ದರಿಂದ ಅವನ ಪ್ರಸಂಗವು ಅನಂಗವೆಂಬುದು ಮೊದಲನೆಯದು. ಭಯಾನಕಕ್ಕೆ ಮೀಸಲಾದ ಕೃತಿಯಲ್ಲಿ ಇಂಥ ಪ್ರದರ್ಶನವು ಹಾಸ್ಯಕ್ಕೆಡೆಗೊಟ್ಟು ರಸಭಂಗವನ್ನುಂಟುಮಾಡುತ್ತದೆಂಬುದು ಎರಡನೆಯದು.

ಮೊದಲನೆಯದು ನಿಲ್ಲುವಂತಿಲ್ಲ. ಸಾಂತಾ ಕಾರ್ಲಾ ಎಂಬ ಕಲ್ಪಿತ ಪಟ್ಟಣಕ್ಕೆ ಹೊಸದಾಗಿ ಬಂದ ಮೈಕೇಲನು ಸ್ಟಾರ್ ಎಂಬ ತರುಣಿಯನ್ನು ಕಾಣುವುದು ಈ ಕಚೇರಿಯಲ್ಲಿಯೇ. ಆಲಂಕಾರಿಕರು ಶೃಂಗಾರಕ್ಕೆ ಉದ್ದೀಪನವಿಭಾವವೆಂದು ಹೇಳಿದ ಬೆಳುದಿಂಗಳು, ಉಪವನಗಳ ಸ್ಥಾನದಲ್ಲಿ ಇಲ್ಲಿ ಬೆಂಕಿಯೂ ವಾದ್ಯಘೋಷವೂ ನಿಂತಿವೆ. ಆ ಕಾವಿನಲ್ಲಿ ಹುಟ್ಟಿದ ಮೋಹವೇ ಮೈಕೇಲನನ್ನು ಅವಳ ಹಿಂದೆ ನಡೆಸಿ, ಡೇವಿಡ್ಡನ ಪಿಶಾಚಕೂಟಕ್ಕೆ ಸೇರಿಸಿ, ರಕ್ತವನ್ನು ಕುಡಿಯುವಂತೆ ಮಾಡುತ್ತದೆ. ಕಥಾಬೀಜವೇ ಇಲ್ಲಿರುವಾಗ ಪ್ರಸಂಗವು ಅನಂಗವೆಂತಾದೀತು?

ಎರಡನೆಯ ಆಕ್ಷೇಪವು ಹೆಚ್ಚು ಗಹನವಾದುದು. ಸ್ಯಾಕ್ಸೊಫೋನ್ ಸುಷಿರವಾದ್ಯ, ಉಸಿರಿಲ್ಲದೆ ಅದಕ್ಕೆ ನಾದವಿಲ್ಲ. ಬೆವರುತ್ತ, ಏದುತ್ತ, ರಕ್ತಮಾಂಸಗಳ ಬಲವನ್ನೆಲ್ಲ ವಾದ್ಯಕ್ಕೆ ಸುರಿಯುವ ಈತನು ಚಿತ್ರದಲ್ಲಿ ಅತ್ಯಂತ ಜೀವಂತನಾದ ಮನುಷ್ಯ. ಪ್ರೇಕ್ಷಕನು ಆ ವಿಕಟವೇಷದಲ್ಲಿ ಅಪಾಯವನ್ನು ಶಂಕಿಸಬಹುದು. ಆದರೆ ಅಪಾಯವಿರುವುದು ಜನರ ನಡುವೆ ಸೌಮ್ಯವಾಗಿ ನಿಂತ ಚೆಲುವಿನ ಬೆನ್ನಿಗೆ. ಜೀವದ ಈ ಉಬ್ಬರವನ್ನು ಮೊದಲು ತೋರಿಸಿದುದರಿಂದಲೇ ಮುಂದೆ ಬರುವ, ಮುಪ್ಪಿಲ್ಲದ ಮೃತರ ತಣ್ಣನೆಯ ಲೋಕವು ಭಯಂಕರವಾಗುತ್ತದೆ. ‘ಐ ಸ್ಟಿಲ್ ಬಿಲೀವ್’ ಎಂಬ ಹಾಡನ್ನು ‘ದ ಕಾಲ್’ ಎಂಬ ವೃಂದವು 1986ರಲ್ಲಿ ಪ್ರಕಟಿಸಿದ್ದಿತು. ‘ಇನ್ನೂ ನಂಬುತ್ತೇನೆ’ ಎಂಬರ್ಥದ ಆ ಶೀರ್ಷಿಕೆಯು ಪಿಶಾಚಗಳ ಪಟ್ಟಣದಲ್ಲಿ ಬೇರೊಂದು ಧ್ವನಿಯನ್ನು ಪಡೆಯುತ್ತದೆ.

ಆದರೂ ದೋಷವಿಲ್ಲವೆನ್ನಲಾಗದು. ಉದ್ದೀಪನವು ಆಲಂಬನವನ್ನು ಮೀರಬಾರದು. ಇಲ್ಲಿ ಅನೇಕರ ನೆನಪಿನಲ್ಲಿ ಉಳಿದವನು ವಾದಕ. ಸ್ಟಾರಳ ಪ್ರವೇಶವು ಮಸುಕಾಗಿದೆ. ಅಂಗವು ಅಂಗಿಯನ್ನು ಮುಚ್ಚಿದೆ. ಆದರೆ ಇದು ಪ್ರಮಾಣದ ದೋಷವೇ ಹೊರತು ಜಾತಿಯ ದೋಷವಲ್ಲ. ಅದರ ಹೊಣೆಯೂ ವಾದಕನಿಗಿಂತ ನಿರ್ದೇಶಕನಿಗೆ ಸೇರತಕ್ಕದ್ದು.

ಕ್ಯಾಪೆಲ್ಲೊ ಟೀನಾ ಟರ್ನರಳ ವೃಂದದಲ್ಲಿ ನುಡಿಸಿ ಹೆಸರಾದವನು. ಈ ರಂಗವೇಷವು ಅಲ್ಲಿಯೂ ಅವನದಾಗಿದ್ದಿತು. ಅವನು ತನ್ನನ್ನು ತಾನು ನಗೆಗೆ ಒಡ್ಡಿಕೊಳ್ಳುವುದಿಲ್ಲ. ಅಣಕಿಸುವವರು ವೇಷವನ್ನು ಅನುಕರಿಸಬಲ್ಲರು, ಆ ತನ್ಮಯತೆಯನ್ನಲ್ಲ. ಪ್ರಸಂಗವನ್ನು ನಗೆಯ ಮಾತಾಗಿ ಮಾತ್ರ ನೆನೆಯುವ ವಿಮರ್ಶೆಯು ಚಿತ್ರದ ಭಯಾನಕಕ್ಕೆ ಆಧಾರವಾದುದನ್ನೇ ಬಿಟ್ಟುಬಿಡುತ್ತದೆ.